ಒಂದು ‘ಹೂಂ’ ಹತ್ತಿರದ ದಾರಿಯಲ್ಲಿ ಹೋಗಲು ಅನುಮತಿ ಕೋರಿ

ಇಂದ:
ಅರ್ಜಿದಾರಳು,
ಕಿರಿಯ ಸಹಾಯಕಿ, ದಾರಿ ವಿಭಾಗ,
ನೆಲಮಹಡಿ, ಜನರೇಟರ್ ಪಕ್ಕದ ಕೋಣೆ
(ಕಿಟಕಿ ಇದೆ, ತೆರೆಯುವುದಿಲ್ಲ)

ಗೆ:
ಮಾನ್ಯ ಮುಖ್ಯ ಉಳಿತಾಯಾಧಿಕಾರಿಗಳು,
ಅಧ್ಯಕ್ಷರು, ದಾರಿ ನಿರ್ಧಾರ ಸಮಿತಿ,
ಮೂರನೇ ಮಹಡಿ, ಮೀನಿನ ತೊಟ್ಟಿ ದಾಟಿ ಎಡಕ್ಕೆ

ಮುಖಾಂತರ: ಹಿರಿಯ ಇಂಜಿನಿಯರ್ ಸಾಹೇಬರು
(ಅವರು ಅರ್ಜಿಯನ್ನು ನೋಡಿ ‘ಸುಮ್ನಿರಿ’ ಎಂದಿದ್ದರಿಂದ ನೇರವಾಗಿ ಸಲ್ಲಿಸಲಾಗಿದೆ)

ವಿಷಯ: ಇಂಟರ್ನೆಟ್ ವೆಚ್ಚ ಕಡಿತದ ಹೊಸ ದಾರಿ ನಿಯಮದಿಂದಾಗಿ ಬಾಗಿಲ ಮುಂದೆಯೇ ನಿಂತುಬಿಟ್ಟಿರುವ ಒಬ್ಬ ಹುಡುಗಿಯ ಬಗ್ಗೆ.

ಉಲ್ಲೇಖ:
1. ತಮ್ಮ ಸುತ್ತೋಲೆ: ‘ಹೆಚ್ಚು ಕಳಿಸುವವರಿಗೆ ಹತ್ತಿರದ ದಾರಿ, ಕಡಿಮೆ ಕಳಿಸುವವರಿಗೆ ಸುತ್ತುದಾರಿ’.
2. ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುವಾಗ ತಾವು ಅರ್ಜಿದಾರಳಿಗೆ ಹೇಳಿದ ‘ನೋಡೋಣ’.
3. ಅರ್ಜಿದಾರಳ ಅಜ್ಜಿ ನಿನ್ನೆ ಸಂಜೆ ಕೇಳಿದ ‘ಆಮೇಲೆ?’

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಮೊದಲಿಗೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ಈ ಅರ್ಜಿ ಉದ್ದವಾಗಿದೆ. ಬೇಕೆಂದೇ ಉದ್ದ ಮಾಡಲಾಗಿದೆ. ಉಲ್ಲೇಖ 1ರ ಸುತ್ತೋಲೆ ತಂತಿಗಳಿಗಷ್ಟೇ ಅಲ್ಲ, ಕಚೇರಿಯ ಕಾಗದಗಳಿಗೂ ಅನ್ವಯಿಸುತ್ತದೆ ಎಂದು ತಾವು ಅಪ್ಪಣೆ ಕೊಡಿಸಿದಂದಿನಿಂದ ದಪ್ಪ ಕಡತಗಳು ನೆಟ್ಟಗೆ ಮೂರನೇ ಮಹಡಿಗೆ ಹೋಗುತ್ತಿವೆ. ತೆಳ್ಳನೆಯ ಕಾಗದಗಳು ಉಗ್ರಾಣ, ವಾಹನ ವಿಭಾಗ, ಕಾವಲುಗಾರರ ಗೂಡು ಎಲ್ಲ ಸುತ್ತಿಕೊಂಡು ಬರುತ್ತಿವೆ. ತನ್ನ ಕುರ್ಚಿಯ ಕಾಲು ಅಲ್ಲಾಡುತ್ತಿದೆ ಎಂದು ಅರ್ಜಿದಾರಳು ಬರೆದ ಎರಡು ಸಾಲಿನ ಚೀಟಿ ಇನ್ನೂ ಪ್ರಯಾಣದಲ್ಲಿದೆ. ಕುರ್ಚಿ ಮಾತ್ರ ತಲುಪಬೇಕಾದಲ್ಲಿಗೆ, ಅಂದರೆ ನೆಲಕ್ಕೆ, ತಲುಪಿದೆ. ಅದೇ ಲೆಕ್ಕದ ವಿಭಾಗದ ಅಕ್ಕ ದೀರ್ಘ ರಜೆ ಕೇಳಿ, ಅರ್ಜಿಯ ಹಿಂದೆ ಹಳೆಯ ಪತ್ರಿಕೆಗಳ ಕಟ್ಟು ಸೇರಿಸಿ ಹೊಲಿದು ಕೊಟ್ಟರು. ಊಟದ ಹೊತ್ತಿಗೆ ಮಂಜೂರಾಯಿತು. ಆದ್ದರಿಂದ ಅರ್ಜಿದಾರಳು ಎರಡು ಮಾತಲ್ಲಿ ಮುಗಿಯುವ ವಿಷಯವನ್ನು ಇಷ್ಟುದ್ದ ಎಳೆದಿರುವುದನ್ನು ನಿಯಮಪಾಲನೆ ಎಂದೇ ಪರಿಗಣಿಸಬೇಕು.

ಅಲ್ಲದೆ, ಅರ್ಜಿಗಳಲ್ಲಿ ‘ನಾನು’, ‘ನನ್ನ’ ಎಂದೆಲ್ಲ ಬರೆದರೆ ಓದುವವರ ಮನಸ್ಸು ಕರಗಿ ತೀರ್ಮಾನ ತಡವಾಗುತ್ತದೆ ಎಂದು ತಾವೇ ಸಭೆಯಲ್ಲಿ ಹೇಳಿರುವ ಕಾರಣ, ಅವಳನ್ನು ಉದ್ದಕ್ಕೂ ‘ಅರ್ಜಿದಾರಳು’ ಎಂದೇ ಕರೆಯಲಾಗಿದೆ. ಇದರಿಂದ ಅವಳಿಗೂ ಅನುಕೂಲವೇ. ತನ್ನ ಸಂಕಟವನ್ನು ಇನ್ಯಾರದೋ ಎಂಬಂತೆ ಹೇಳಿಕೊಂಡರೆ ವಾಕ್ಯ ಅರ್ಧಕ್ಕೆ ನಿಲ್ಲುವುದಿಲ್ಲ.

1. ಅರ್ಜಿದಾರಳು ಯಾರು ಎಂಬುದು ತಮಗೆ ನೆನಪಿರಲಾರದು. ಸಂದರ್ಶನದಲ್ಲಿ ತಾವು “ಒಂದೇ ಊರಿಗೆ ಎರಡು ದಾರಿ ಇದ್ರೆ ಯಾವುದರಲ್ಲಿ ಕಳಿಸ್ತೀಯಮ್ಮಾ?” ಎಂದು ಕೇಳಿದ್ದಕ್ಕೆ, “ಹತ್ತಿರದ ದಾರೀಲಿ ರಾಕ್ಷಸ ಇರ್ತಾನೆ ಸರ್, ದೂರದ ದಾರೀಲಿ ಮುದುಕಿ ಇರ್ತಾಳೆ. ಹೋಗೋವರು ಯಾಕೆ ಹೋಗ್ತಿದ್ದಾರೆ ಅನ್ನೋದರ ಮೇಲೆ ಹೋಗತ್ತೆ” ಎಂದು ಉತ್ತರಿಸಿದವಳು ಇವಳೇ. ತಾವು ನಕ್ಕು, “ಸರಿ, ನಮ್ಮಲ್ಲಿ ಇಬ್ಬರೂ ಇದ್ದಾರೆ” ಎಂದು ಕೆಲಸ ಕೊಟ್ಟಿರಿ. ಅವಳಿಗೆ ಗೊತ್ತಿದ್ದ ಉತ್ತರ ಅದೊಂದೇ. ಅಪ್ಪ ಅಮ್ಮ ಇಬ್ಬರೂ ಬೆಳಗ್ಗೆ ಹೋಗಿ ಸಂಜೆ ಬರುವ ಕೆಲಸದವರಾದ್ದರಿಂದ ಅವಳು ಅಜ್ಜಿಯ ಸೆರಗು ಹಿಡಿದೇ ಬೆಳೆದವಳು. ಅನ್ನ ತಿಂದದ್ದು ಕತೆಯ ಜೊತೆ, ಜ್ವರ ಬಿಟ್ಟದ್ದು ಕತೆಯ ಜೊತೆ. ಇವತ್ತಿಗೂ ರೂಟರಿನ ಹಸಿರು ದೀಪಗಳು ಮಿನುಗುವಾಗ ಅವಳಿಗೆ ಅದು ಯಂತ್ರ ಅನ್ನಿಸುವುದಿಲ್ಲ, ದೂರದಲ್ಲೊಂದು ಊರು ಅನ್ನಿಸುತ್ತದೆ. ಇದು ಕೆಲಸಕ್ಕೆ ಅಡ್ಡಿಯಾಗಿಲ್ಲ ಎಂದು ಹಿರಿಯ ಇಂಜಿನಿಯರ್ ಸಾಹೇಬರೂ ಒಪ್ಪುತ್ತಾರೆ. ಒಪ್ಪಿ, “ಆದ್ರೆ ಹೊರಗೆ ಹೇಳ್ಬೇಡಿ, ಸುಮ್ನಿರಿ” ಎನ್ನುತ್ತಾರೆ.

2. ನಮ್ಮ ಸಂಸ್ಥೆ ಈ ಊರಿನ ಮನೆ ಮನೆಗೆ ಇಂಟರ್ನೆಟ್ ಹಂಚುತ್ತದೆ ಎಂಬುದು ತಮಗೆ ತಿಳಿದ ವಿಷಯ. ಊರಿನಿಂದ ಹೊರಗೆ ಹೋಗುವ ಪ್ರತಿ ಮಾತು, ಪ್ರತಿ ಚಿತ್ರಕ್ಕೂ ನಾವು ಎರಡು ದೊಡ್ಡ ಕಂಪನಿಗಳಿಂದ ದಾರಿಯನ್ನು ಬಾಡಿಗೆಗೆ ಹಿಡಿದಿದ್ದೇವೆ. ಒಂದು ಹತ್ತಿರದ ದಾರಿ: ಕಣ್ಣು ಮಿಟುಕಿಸುವಷ್ಟರಲ್ಲಿ ತಲುಪುತ್ತದೆ, ಬಾಡಿಗೆ ಜಾಸ್ತಿ. ಇನ್ನೊಂದು ಸುತ್ತುದಾರಿ: ಪಕ್ಕದ ಊರಿಗೆ ಹೋಗಬೇಕಾದದ್ದು ಮೂರು ದೇಶ ನೋಡಿಕೊಂಡು, ಎಲ್ಲೆಲ್ಲೋ ಸಾಲಿನಲ್ಲಿ ನಿಂತು, ಉಸ್ಸಪ್ಪಾ ಎಂದು ತಲುಪುತ್ತದೆ; ಬಾಡಿಗೆ ಕಡಿಮೆ. ಯಾವುದನ್ನು ಯಾವ ದಾರಿಗೆ ಹಚ್ಚಬೇಕು ಎಂಬ ವಿವೇಕದಲ್ಲೇ ಸಂಸ್ಥೆಯ ಉಳಿತಾಯ ಇದೆ. ಈ ವಿವೇಕವನ್ನು ಹುಡುಕಲೆಂದೇ ತಾವು ಸಮಿತಿ ರಚಿಸಿ, ಕಿರಿಯರನ್ನೂ ಕರೆಸಿ, ಬಿಸ್ಕತ್ತು ಕೊಡಿಸಿದಿರಿ.

3. ಸದರಿ ಸಭೆಯಲ್ಲಿ ನಡೆದ ಮಾತುಕತೆ ನಡಾವಳಿಯಲ್ಲಿ ದಾಖಲಾಗಿಲ್ಲವಾದ್ದರಿಂದ ಇಲ್ಲಿ ಕೊಡಲಾಗಿದೆ.

“ಆ ಕಡೆ ಯಾರಾದ್ರೂ ಉತ್ತರಕ್ಕೆ ಕಾಯ್ತಿದ್ದಾರಾ ಅಂತ ನೋಡಿದ್ರೆ ಸಾಕು ಸರ್,” ಎಂದಳು ಅರ್ಜಿದಾರಳು. “ಕಾಯೋರು ಇದ್ರೆ ಹತ್ತಿರದ ದಾರಿ. ಇಲ್ಲದೇ ಇದ್ರೆ ಎಷ್ಟು ದಪ್ಪ ಇದ್ರೂ ಸುತ್ತಿಕೊಂಡು ಹೋಗ್ಲಿ. ಕ್ಯಾಮೆರಾ ರೆಕಾರ್ಡಿಂಗು, ರಾತ್ರಿ ಬ್ಯಾಕಪ್ಪು, ಇವಕ್ಕೆಲ್ಲ ಏನವಸರ?”

“ಕಾಯೋದನ್ನ ಅಳೆಯೋದು ಹೇಗಮ್ಮಾ? ಮೀಟರ್ ಇದೆಯಾ ಅದಕ್ಕೆ?” ಎಂದಿರಿ ತಾವು.

“ಗುರುತು ಸಿಗತ್ತೆ ಸರ್. ಮಾತಾಡೋವಾಗ ಸಣ್ಣ ಸಣ್ಣ ಡೇಟಾ ಪೊಟ್ಟಣ ಅತ್ತಿಂದಿತ್ತ ಓಡಾಡ್ತಿರತ್ತೆ. ಒಂದು ಹೋಗತ್ತೆ, ಒಂದು ಬರತ್ತೆ…”

“ಸಣ್ಣದು!” ತಾವು ಮೇಜು ತಟ್ಟಿದಿರಿ. “ನೀನೇ ಹೇಳ್ದೆ ನೋಡು. ಯಾರಿಗೆ ಕೆಲಸ ಜಾಸ್ತಿ ಇದೆಯೋ ಅವರು ಜಾಸ್ತಿ ಕಳಿಸ್ತಾರೆ. ಸಣ್ಣ ಸಣ್ಣದು ಕಳಿಸೋರು ಪುರುಸೊತ್ತಲ್ಲಿರೋರು. ಅವರು ಸುತ್ತಿಕೊಂಡು ಹೋಗ್ಲಿ. ಬರ್ಕೊಳ್ಳಿ.”

ಅರ್ಜಿದಾರಳು ಬಾಯಿ ತೆರೆದಳು. ಹಿರಿಯ ಇಂಜಿನಿಯರ್ ಸಾಹೇಬರು ಅವಳತ್ತ ಬಿಸ್ಕತ್ತಿನ ತಟ್ಟೆ ತಳ್ಳಿ, ತಮ್ಮ ಪ್ರಸಿದ್ಧ ಪದವನ್ನು ಉಚ್ಚರಿಸಿದರು. ಆ ಕಾರಣ ಉಳಿದ ಮಾತು ಬಿಸ್ಕತ್ತಿನೊಂದಿಗೆ ಒಳಗೆ ಹೋಯಿತು.

4. ಮರುದಿನವೇ ನಿಯಮ ಜಾರಿಗೆ ಬಂತು. ಊರಿನಲ್ಲಿ ಅತಿ ಹೆಚ್ಚು ಕಳಿಸುವವರು ಯಾರು ಎಂದು ನೋಡಲಾಗಿ, ಮೊದಲ ಸ್ಥಾನ ತಮ್ಮ ಕೋಣೆಯ ಹೊರಗಿನ ಮೀನಿನ ತೊಟ್ಟಿಗೆ ಸಿಕ್ಕಿತು. ಕೇಂದ್ರ ಕಚೇರಿಯ ಗೋಡೆಯ ಮೇಲೆ ಪ್ರಶಾಂತ ವಾತಾವರಣ ಇರಲಿ ಎಂದು ಸದರಿ ಮೀನುಗಳನ್ನು ಹಗಲು ರಾತ್ರಿ, ಒಂದೊಂದು ಹುರುಪೆಯೂ ಕಾಣುವಂತೆ, ನೇರ ಪ್ರಸಾರ ಮಾಡಲಾಗುತ್ತಿದೆ. ದೀಪ ಆರಿಸಿದ ಮೇಲೆ ಕತ್ತಲೆಯನ್ನೂ ಅಷ್ಟೇ ಸ್ಪಷ್ಟವಾಗಿ ಕಳಿಸಲಾಗುತ್ತದೆ. ಆದ್ದರಿಂದ ಮೀನುಗಳು ಹತ್ತಿರದ ದಾರಿಯಲ್ಲಿವೆ. ಅರ್ಜಿದಾರಳಿಗೆ ಮೀನುಗಳ ಮೇಲೆ ವೈಯಕ್ತಿಕ ದ್ವೇಷವಿಲ್ಲ.

5. ಈಗ ಅಜ್ಜಿಯ ವಿಷಯ. ಅಜ್ಜಿ ಈಗ ಮಾವನ ಮನೆಯಲ್ಲಿದ್ದಾರೆ. ಬಸ್ಸಿನಲ್ಲಿ ಇಡೀ ರಾತ್ರಿಯ ಹಾದಿ. ಸಂಜೆ ದೀಪ ಹಾಕುವ ಹೊತ್ತಿಗೆ ಅತ್ತೆ, ಅಂದರೆ ಮಾವನ ಹೆಂಡತಿ, ಟ್ಯಾಬ್ಲೆಟ್ಟನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಅಜ್ಜಿಯ ಮುಂದಿಡುತ್ತಾರೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಕತೆ ಶುರು ಮಾಡುತ್ತಾರೆ. ಹೇಳುತ್ತಿರುವುದು ಗಂಟು ಹೊತ್ತ ಹುಡುಗಿಯ ಕತೆ.

ಆ ಹುಡುಗಿಯ ತಾಯಿ ಅವಳ ಕೈಗೊಂದು ಬಟ್ಟೆಯ ಗಂಟು ಕೊಟ್ಟು, “ಇದನ್ನ ಬಿಚ್ಚಬೇಡ. ಗುಡ್ಡದಾಚೆ ಒಂಟಿ ಮನೆ ಇದೆ. ಬಾಗಿಲು ತಟ್ಟು. ಯಾರು ತೆಗೀತಾರೋ ಅವರ ಕೈಗೆ ಕೊಡು” ಎಂದು ಕಳಿಸುತ್ತಾಳೆ. ಹುಡುಗಿ ಹೊಳೆ ದಾಟುತ್ತಾಳೆ, ಇರುವೆಗಳ ಜೊತೆ ಜಗಳ ಆಡುತ್ತಾಳೆ, ಒಂದು ಕಾಗೆಗೆ ಲೆಕ್ಕ ಹೇಳಿಕೊಡುತ್ತಾಳೆ, ಕೊನೆಗೆ ಆ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಬಾಗಿಲು ತೆಗೆದವರು ಯಾರು, ಗಂಟಿನಲ್ಲಿ ಏನಿತ್ತು ಎಂಬುದು ಅರ್ಜಿದಾರಳಿಗೆ ಗೊತ್ತಿಲ್ಲ. ಚಿಕ್ಕವಳಿದ್ದಾಗ ಅಷ್ಟು ಹೊತ್ತಿಗೆ ಅವಳಿಗೆ ನಿದ್ದೆ ಬಂದುಬಿಡುತ್ತಿತ್ತು. ಈ ಕತೆ ಅಮ್ಮನಿಗೂ ಗೊತ್ತಿಲ್ಲ, ಮಾವನಿಗೂ ಗೊತ್ತಿಲ್ಲ. ಇದು ಅಜ್ಜಿ ಮೊಮ್ಮಗಳಿಗೆಂದೇ ಕಟ್ಟಿದ ಕತೆ. ಈ ಸಲ ಕೊನೆಯವರೆಗೆ ಕೇಳಿಯೇ ತೀರುವುದು ಎಂದು ಅವಳು ಹಟ ಹಿಡಿದು ಶುರು ಮಾಡಿಸಿದ್ದಳು.

ಇಲ್ಲಿ ಸಮಿತಿಯ ಗಮನಕ್ಕೆ ತರಬೇಕಾದ ತಾಂತ್ರಿಕ ಅಂಶ ಒಂದಿದೆ. ಅಜ್ಜಿಯ ಕತೆ ತಾನಾಗಿ ಮುಂದೆ ಹೋಗುವುದಿಲ್ಲ. ಕೇಳುವವರು ‘ಹೂಂ’ ಅನ್ನಬೇಕು. ‘ಹೂಂ’ ಬಂದರೆ ಮುಂದಿನ ಮಾತು. ಬರದಿದ್ದರೆ ಮಗು ಮಲಗಿತು ಎಂದು ಅರ್ಥ, ಕತೆ ಅಲ್ಲಿಗೆ ನಿಲ್ಲುತ್ತದೆ. ನಿಂತ ಕತೆಯನ್ನು ಮರುದಿನ ನಡುವಿನಿಂದ ಎತ್ತಿಕೊಳ್ಳುವುದು ಅಜ್ಜಿಯ ಜಾಯಮಾನದಲ್ಲಿಲ್ಲ. ಮತ್ತೆ ಮೊದಲಿನಿಂದ, ತಾಯಿ, ಗಂಟು, ಹೊಳೆ.

ಗಾತ್ರದ ದೃಷ್ಟಿಯಿಂದ ಒಂದು ‘ಹೂಂ’ ಎಷ್ಟು ಸಣ್ಣದೆಂದು ತಾವೇ ಊಹಿಸಬಹುದು. ಅದನ್ನು ಬಿಟ್ಟು ಅರ್ಜಿದಾರಳು ಕಳಿಸುತ್ತಿದ್ದುದು, ಬಿಳಿ ಗೋಡೆಯ ಮುಂದೆ ಮೊಣಕಾಲಿಗೆ ಗಲ್ಲ ಊರಿ ಅಲ್ಲಾಡದೆ ಕೂತ ತನ್ನ ಮುಖವನ್ನು ಮಾತ್ರ. ನಿಯಮದ ಪ್ರಕಾರ ಇದು ಪುರುಸೊತ್ತಿನ ಟ್ರಾಫಿಕ್. ಸುತ್ತುದಾರಿಗೆ ಹೋಯಿತು.

6. ನಿಯಮ ಜಾರಿಗೆ ಬಂದ ಸಂಜೆ ನಡೆದದ್ದು ಹೀಗೆ. ಹೊಳೆ, ಇರುವೆ, ಕಾಗೆ ಎಲ್ಲ ಹೇಗೋ ಸಾಗಿತು. ‘ಹೂಂ’ ತಡವಾದರೂ ಅಜ್ಜಿ ಎಲೆ ಮಡಿಸಿದಂತೆ ಸೆರಗು ಮಡಿಸುತ್ತ ಕಾಯುತ್ತಿದ್ದರು. ಬಾಗಿಲ ಹತ್ತಿರ ಬಂದಾಗ ಮಾತ್ರ ಅವರಿಗೆ ಮಗು ಮಲಗಿತೇನೋ ಎಂಬ ಹಳೆಯ ಅನುಮಾನ. ಅಲ್ಲಿ ಒಂದೊಂದು ತಟ್ಟಿಗೂ ಒಂದೊಂದು ‘ಹೂಂ’ ಬೇಕು.

“ಕಪ್ಪು ಮರದ ಬಾಗಿಲು. ಅದಕ್ಕೊಂದು ಹಿತ್ತಾಳೆ ಬಳೆ. ಬಳೆನ ಒಂದು ಸಿಂಹ ಕಚ್ಚಿಕೊಂಡಿದೆ. ಸಿಂಹಕ್ಕೆ ಒಂದು ಹಲ್ಲು ಮುರಿದಿದೆ. ಹುಡುಗಿ ಬಳೆ ಹಿಡಿದು ತಟ್ಟಿದಳು, ಟಕ್.”

“ಹೂಂ,” ಎಂದಳು ಅರ್ಜಿದಾರಳು. ‘ಹೂಂ’ ಹೊರಟಿತು. ಎಲ್ಲೆಲ್ಲಿ ಅಲೆಯಿತೋ.

ಅಜ್ಜಿ ಪರದೆಯನ್ನೇ ನೋಡಿದರು. “ಮಲಗಿದಳು,” ಎಂದರು ಅತ್ತೆಯ ಕಡೆ ತಿರುಗಿ.

“ಇಲ್ಲ ಅಜ್ಜೀ, ಎದ್ದಿದೀನಿ!”

“ಕಣ್ಣು ಬಿಟ್ಟುಕೊಂಡೇ ಮಲಗೋದು ಅವಳ ಅಭ್ಯಾಸ. ಚಿಕ್ಕವಳಿದ್ದಾಗಿಂದ ಹಾಗೇ. ಆರಿಸಮ್ಮಾ.” ಅತ್ತೆ ಕೈ ಚಾಚಿದರು. ಪರದೆ ಕಪ್ಪಾಗುವ ಕ್ಷಣದಲ್ಲಿ ಆ ಕಡೆಯ ಅಡುಗೆಮನೆಯಲ್ಲಿ ಅರ್ಜಿದಾರಳ ‘ಹೂಂ’ ಕೇಳಿಸಿತಂತೆ. ಅಜ್ಜಿ, “ನಿದ್ದೇಲಿ ನರಳ್ತಿದೆ ಪಾಪ” ಎಂದರಂತೆ. ಇದನ್ನು ಅತ್ತೆ ಆಮೇಲೆ ವರದಿ ಮಾಡಿದ್ದಾರೆ.

7. ಫೋನ್ ಮಾಡಬಹುದಿತ್ತಲ್ಲ ಎಂದು ತಾವು ಕೇಳುವಿರಿ. ಮಾಡಲಾಗಿದೆ. ಅಜ್ಜಿಯ ತಿಳುವಳಿಕೆಯಲ್ಲಿ ಫೋನ್ ಇರುವುದು ಕೆಟ್ಟ ಸುದ್ದಿಗೆ. ಕಿವಿಗಿಟ್ಟ ಕೂಡಲೇ “ಯಾರು ಹೋದ್ರು?” ಎಂದು ಕೂಗಿ, ಯಾರೂ ಹೋಗಿಲ್ಲ ಎಂದರೆ “ಮತ್ಯಾಕೆ ಮಾಡ್ದೆ?” ಎಂದು ಇಟ್ಟುಬಿಡುತ್ತಾರೆ. ರಜೆ ಹಾಕಿ ಹೋಗಬಹುದಿತ್ತಲ್ಲ ಎಂದೂ ಕೇಳುವಿರಿ. ಹೊಸ ನಿಯಮದ ಪರೀಕ್ಷೆ ಮುಗಿಯುವವರೆಗೆ ದಾರಿ ವಿಭಾಗಕ್ಕೆ ವಾರದ ರಜೆಯೂ ಇಲ್ಲ, ತುರ್ತಿದ್ದರೆ ಒಂದು ದಿನದ್ದು ಮಾತ್ರ ಕೇಳಬಹುದು ಎಂದು ಆದೇಶವಿದೆ. ಒಂದು ದಿನದ ರಜೆಯ ಅರ್ಜಿ ಸ್ವಭಾವತಃ ತೆಳ್ಳಗಿರುತ್ತದೆ. ಅದೀಗ ವಾಹನ ವಿಭಾಗದಲ್ಲಿದೆ ಎಂದು ಕಾವಲುಗಾರರ ಗೂಡಿನವರು ತಿಳಿಸಿದ್ದಾರೆ.

8. ಆದ ಕಾರಣ ಅರ್ಜಿದಾರಳು ತನ್ನ ಮಟ್ಟದಲ್ಲೇ ಪರಿಹಾರ ಹುಡುಕಲು ಯತ್ನಿಸಿದಳು. ಮೊದಲು, ತಡವಾಗುವುದನ್ನು ಲೆಕ್ಕ ಹಿಡಿದು ‘ಹೂಂ’ ಅನ್ನು ಮುಂಚಿತವಾಗಿಯೇ ಕಳಿಸಿ ನೋಡಿದಳು. ಅಜ್ಜಿ ಬಾಗಿಲನ್ನು ತಟ್ಟಿಸುವ ಮೊದಲೇ ‘ಹೂಂ’ ಬಂದು ನಿಂತಿತು.

“ಇನ್ನೂ ನಾನು ಹೇಳೇ ಇಲ್ಲ, ಅದಕ್ಕೆ ಮೊದಲೇ ಹೂಂ ಅಂತೀಯಲ್ಲೇ? ಕೇಳಿಸ್ಕೊಳ್ಳೋವಳ ಲಕ್ಷಣನಾ ಇದು? ಎಲ್ಲಿದೆ ನಿನ್ನ ಜ್ಞಾನ?”

ಆಮೇಲೆ ಒಂದು ‘ಹೂಂ’ ಅನ್ನು ರೆಕಾರ್ಡ್ ಮಾಡಿ, ಗಡಿಯಾರದಂತೆ ತಾನಾಗಿ ಹೋಗುತ್ತಿರುವ ಹಾಗೆ ಏರ್ಪಾಡು ಮಾಡಿದಳು. ಎರಡು ಸಂಜೆ ಬಾಗಿಲವರೆಗೆ ಚೆನ್ನಾಗಿಯೇ ನಡೆದು, ‘ಟಕ್’ಗೆ ‘ಹೂಂ’ ಕೂಡದೆ ಅಲ್ಲೇ ನಿಂತಿತು. ಮೂರನೆಯ ಸಂಜೆ ಅಜ್ಜಿಗೆ ಏನೋ ವಾಸನೆ ಬಡಿಯಿತು. ಹೊಳೆಯ ನಡುವೆ ಕತೆ ನಿಲ್ಲಿಸಿ, ತಣ್ಣಗೆ, “ಆಗ ಆ ಹುಡುಗಿ ಕಾಲು ಜಾರಿ ಸತ್ತೇ ಹೋದಳು” ಎಂದರು.

“ಹೂಂ,” ಎಂದಿತು ರೆಕಾರ್ಡಿಂಗ್, ಉತ್ಸಾಹದಿಂದ.

“ಅಯ್ಯೋ ನಿನ್ನ! ಅಷ್ಟು ಮುದ್ದು ಹುಡುಗೀನ ಹೊಳೇಲಿ ಮುಳುಗಿಸಿದ್ರೂ ಹೂಂ ಅಂತೀಯಲ್ಲೇ! ಎದೆ ಇದೆಯಾ, ಕಲ್ಲಿದೆಯಾ ನಿಂಗೆ?” ಅಜ್ಜಿ ಅವತ್ತು ಊಟಕ್ಕೂ ಏಳಲಿಲ್ಲ. ಸತ್ತ ಹುಡುಗಿಯನ್ನು ಬದುಕಿಸಲು ಅರ್ಜಿದಾರಳು ಮರುದಿನ ಬಹಳ ಹೊತ್ತು ಕ್ಷಮೆ ಕೇಳಬೇಕಾಯಿತು.

9. ಮೇಲ್ಕಂಡ ಎರಡೂ ಯತ್ನಗಳು ವಿಫಲವಾದ ಮೇಲೆ ಅರ್ಜಿದಾರಳು ಸುತ್ತೋಲೆಯನ್ನೇ ಮತ್ತೊಮ್ಮೆ ಭಕ್ತಿಯಿಂದ ಓದಿದಳು. ಹೆಚ್ಚು ಕಳಿಸುವವರಿಗೆ ಹತ್ತಿರದ ದಾರಿ. ಸರಿ, ಹೆಚ್ಚು ಕಳಿಸೋಣ. ವಿಡಿಯೊದಲ್ಲಿ ಏನೂ ಅಲ್ಲಾಡದಿದ್ದರೆ ಕಳಿಸುವುದು ಕಡಿಮೆ, ಎಲ್ಲ ಅಲ್ಲಾಡುತ್ತಿದ್ದರೆ ಹೆಚ್ಚು. ಅವಳು ಬೆನ್ನ ಹಿಂದೆ ಹೂ ಹೂವಿನ ದೊಡ್ಡ ಬೆಡ್‌ಶೀಟ್ ಕಟ್ಟಿ, ಫ್ಯಾನನ್ನು ಜೋರಾಗಿ ತಿರುಗಿಸಿದಳು. ಬೆಡ್‌ಶೀಟು ಹುಚ್ಚೆದ್ದು ಕುಣಿಯಿತು. ರೂಟರ್ ಬೆದರಿ, ಇದ್ಯಾರೋ ಬಹಳ ದೊಡ್ಡವರು ಎಂದು ಅವಳನ್ನು ಹತ್ತಿರದ ದಾರಿಗೆ ಹತ್ತಿಸಿತು. ‘ಹೂಂ’ ಅಂದರೆ ‘ಹೂಂ’, ಪಕ್ಕದಲ್ಲೇ ಕೂತಂತೆ. ಹೊಳೆ, ಇರುವೆ, ಕಾಗೆ ಎಲ್ಲ ಸರಾಗ. ಹುಡುಗಿ ಬಾಗಿಲಿಗೆ ಬಂದಳು. ಟಕ್. ಹೂಂ. ಟಕ್. ಹೂಂ. ಅಜ್ಜಿ ಮುಂದಕ್ಕೆ ಬಾಗಿ ಪರದೆಯೊಳಗೆ ಕಣ್ಣಿಟ್ಟರು.

“ಏನೇ ಅದು ಹಿಂದೆ ಹಾರಾಡ್ತಿರೋದು?”

“ಏನಿಲ್ಲ ಅಜ್ಜೀ, ನೀನು ಹೇಳು. ಆಮೇಲೆ?”

“ಗಾಳಿಗೆ ಮನೇನೇ ಹಾರಿಹೋಗೋ ಹಾಗಿದೆ, ಕತೆ ಕೇಳ್ತಾ ಕೂತಿದೀಯಾ? ಏಳು, ಮೊದಲು ಕಿಟಕಿ ಹಾಕು. ಶೀತ ಆಗತ್ತೆ.”

ಅಜ್ಜಿ ಎದುರಿಗೇ ಕೂತು ಕಿಟಕಿ ಹಾಕಿಸಿ, ಇನ್ನು ಮೇಲೆ ಹೀಗೆ ಗಾಳಿ ಕಂಡರೆ ಕತೆಯೇ ಇಲ್ಲ ಎಂದರು. ಫ್ಯಾನು ನಿಂತಿತು, ಬೆಡ್‌ಶೀಟು ಜೋತುಬಿತ್ತು, ‘ಹೂಂ’ ಮತ್ತೆ ದೇಶಾಂತರ ಹೊರಟಿತು.

ಈ ಉಪಾಯವನ್ನು ಅವಳು ಮಹಡಿಯ ಮೇಲಿನ ಮನೆಯ ಸಂಗೀತದ ಮೇಷ್ಟ್ರಿಗೆ ಹೇಳಿದ್ದು ನಿಜ. ನಿಯಮ ಬಂದಂದಿನಿಂದ ಶಿಷ್ಯರ ತಾಳ ಮೇಷ್ಟ್ರ ತಾಳಕ್ಕೆ ಸೇರದೆ, ಅವರು ಮೆಟ್ಟಿಲ ಮೇಲೆ ತಲೆ ಹಿಡಿದು ಕೂತಿದ್ದರು. ಮೇಷ್ಟ್ರು ಶಿಷ್ಯರಿಗೆ ಹೇಳಿದರು, ಶಿಷ್ಯರು ತಾಯಂದಿರಿಗೆ ಹೇಳಿದರು. ದೂರದೂರಲ್ಲಿರುವ ಗಂಡನನ್ನು “ನನ್ನ ನೆನಪಾಗತ್ತಾ?” ಎಂದು ಕೇಳಿ, ಅವನ “ಹೂಂ” ಬರುವಷ್ಟರಲ್ಲಿ ಅಳುವುದನ್ನೂ ಮುಗಿಸಿರುತ್ತಿದ್ದ ಮೂಲೆಮನೆಯ ಹೊಸ ಸೊಸೆಗೂ ತಿಳಿಯಿತು. ಈಗ ಸಂಜೆಯಾದರೆ ಬೀದಿಯ ಪ್ರತಿ ಕಿಟಕಿಯಲ್ಲೂ ಬೆಡ್‌ಶೀಟು ಕುಣಿಯುತ್ತದೆ. ಅಂಗಡಿಯಲ್ಲಿ ಹೂವಿನ ಬೆಡ್‌ಶೀಟು ಸಿಗುತ್ತಿಲ್ಲ. ಇಡೀ ಊರು ಹತ್ತಿರದ ದಾರಿಗೆ ನುಗ್ಗಿದ್ದರಿಂದ ಬಾಡಿಗೆ ಹಿಂದೆಂದಿಗಿಂತ ಜಾಸ್ತಿಯಾಗಿದೆ. ಲೆಕ್ಕದ ಅಕ್ಕ ರಜೆಯಲ್ಲಿರುವುದರಿಂದ ಇದು ತಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ. ‘ಹೊಸ ನಿಯಮದಿಂದ ಊರಿನ ದುಡಿಮೆ ಇಮ್ಮಡಿಯಾಗಿದೆ’ ಎಂದು ತಾವು ಸೂಚನಾ ಫಲಕದಲ್ಲಿ ಹಾಕಿಸಿರುವ ಅಭಿನಂದನೆ ಬೆಡ್‌ಶೀಟುಗಳಿಗೆ ಸಲ್ಲತಕ್ಕದ್ದು.

10. ಇಲ್ಲಿಯವರೆಗೆ ಹೇಳಿದ್ದಕ್ಕೆ ನಗು ಬಂದಿದ್ದರೆ ಅರ್ಜಿದಾರಳ ಆಕ್ಷೇಪಣೆ ಇಲ್ಲ. ಮುಂದಿನದು ಸ್ವಲ್ಪ ಸಣ್ಣದು. ಸುತ್ತುದಾರಿಗೆ ಹೋಗದಂತೆ ನೋಡಿಕೊಳ್ಳಬೇಕು.

ದಿನವೂ ಕತೆ ಮೊದಲಿನಿಂದ ಶುರುವಾಗುತ್ತಿತ್ತಲ್ಲ, ಆ ಕಾರಣ ಅರ್ಜಿದಾರಳಿಗೆ ಅದು ಬಾಯಿಪಾಠವಾಗಿದೆ. ಅದಕ್ಕೇ ಗೊತ್ತಾಗಿಬಿಟ್ಟಿತು. ಒಂದು ಸಂಜೆ ಸಿಂಹದ ಮುರಿದ ಹಲ್ಲು ಇರಲಿಲ್ಲ. ಕೆಲವು ದಿನದ ಮೇಲೆ ಸಿಂಹವೇ ಇರಲಿಲ್ಲ. ಬಳೆ ಬರೀ ಬಾಗಿಲಿಗೆ ಜೋತುಬಿದ್ದಿತ್ತು. ಆಮೇಲೆ ಇರುವೆಗಳು ಹೋದವು. ಕಾಗೆ ಬಂದಿತು, ಆದರೆ ಲೆಕ್ಕ ಕಲಿಯದೆ ಹಾರಿಹೋಯಿತು. ಮೊನ್ನೆ ಅಜ್ಜಿ, “ಒಂದು ಬಾಗಿಲಿತ್ತು” ಎಂದಷ್ಟೇ ಹೇಳಿದರು. ಯಾವ ಮರದ್ದು, ಯಾವ ಬಣ್ಣದ್ದು, ಏನಿಲ್ಲ.

ಮಾವ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. “ವಯಸ್ಸಾಯ್ತಲ್ಲ. ಮೊದಲು ಸಣ್ಣ ಸಣ್ಣದು ಹೋಗತ್ತೆ, ದೊಡ್ಡದು ಸ್ವಲ್ಪ ದಿನ ಇರತ್ತೆ” ಎಂದರಂತೆ ಡಾಕ್ಟರು. ತಮ್ಮ ಸುತ್ತೋಲೆಯನ್ನು ಅವರು ಎಲ್ಲಿ ಓದಿದರೋ ಅರ್ಜಿದಾರಳಿಗೆ ತಿಳಿಯದು. ಕತೆ ಚಿಕ್ಕದಾಗುತ್ತ ಹೋಗಿರುವುದರಿಂದ ಸಂಸ್ಥೆಗೆ ಏನಾದರೂ ಉಳಿತಾಯವಾಗಿದ್ದಲ್ಲಿ ಅದನ್ನೂ ದಾಖಲಿಸಬಹುದು.

11. ನಿನ್ನೆ ಸಂಜೆ ಹುಡುಗಿ ಬೇಗನೇ ಬಾಗಿಲಿಗೆ ಬಂದಳು. ಈಗ ದಾರಿಯಲ್ಲಿ ತಡೆಯುವವರು ಯಾರೂ ಉಳಿದಿಲ್ಲ. ಅಜ್ಜಿ ಗಾಳಿಯಲ್ಲಿ ಬೆರಳು ಮಡಿಸಿ ತಟ್ಟಿದರು. ಅರ್ಜಿದಾರಳು ‘ಹೂಂ’ ಎಂದಳು. ಎಂದಿನಂತೆ ಅದು ಹೊತ್ತಿಗೆ ತಲುಪಲಿಲ್ಲ. ಆದರೆ ಅಜ್ಜಿ “ಮಲಗಿದಳು” ಎನ್ನಲಿಲ್ಲ. ಬೆರಳು ಹಾಗೇ ಎತ್ತಿ ಹಿಡಿದು, ಏನನ್ನೋ ಎಲ್ಲೋ ಇಟ್ಟು ಮರೆತವರಂತೆ ಸುತ್ತ ನೋಡಿದರು. ಕೊನೆಗೆ ಪರದೆಯ ಕಡೆ ತಿರುಗಿ, ಕತೆ ಕೇಳುವ ಮಗುವಿನ ದನಿಯಲ್ಲಿ,

“ಆಮೇಲೆ?” ಎಂದರು.

ಅರ್ಜಿದಾರಳು ಪರದೆಯ ಹತ್ತಿರಕ್ಕೆ ಸರಿದಳು.

“ಹೇಳೇ ಪುಟ್ಟೀ. ಬಾಗಿಲು ತೆಗೆದದ್ದು ಯಾರು?”

“ನೀನೇ ಹೇಳ್ಬೇಕು ಅಜ್ಜೀ. ನಂಗೆ ಗೊತ್ತಿಲ್ಲ.”

ಅದು ಸುತ್ತಿಕೊಂಡು ತಲುಪುವಷ್ಟರಲ್ಲಿ ಅಜ್ಜಿ ಮತ್ತೆ ಕೇಳಿದ್ದರು, “ಆಮೇಲೆ?” ಎರಡು ಮಾತೂ ದಾರಿಯಲ್ಲಿ ಒಂದನ್ನೊಂದು ದಾಟಿ ಹೋದವು. ಅತ್ತೆ ಬಂದು, “ಸಾಕು ಬನ್ನಿ ಅತ್ತೇ, ಊಟ ಮಾಡೋಣ” ಎಂದು ಎಬ್ಬಿಸಿದರು. ಹೋಗುವಾಗ ಅತ್ತೆ ಅರ್ಜಿದಾರಳಿಗೆ ಮೆಲ್ಲಗೆ, “ಒಂದೊಂದು ದಿನ ಚೆನ್ನಾಗಿರ್ತಾರೆ ಕಣೇ. ಅಂಥ ದಿನ ಎಲ್ಲ ನೆನಪಿರತ್ತೆ. ಕತೆ ಮಧ್ಯೆ ನಿಲ್ಲಬಾರದು ಅಷ್ಟೆ. ನಿಂತ್ರೆ ಹೋಯ್ತು” ಎಂದರು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಅರ್ಜಿದಾರಳು ತಮ್ಮಲ್ಲಿ ಕೋರುವುದೇನೆಂದರೆ:

ಅ) ಆ ಕಡೆ ಯಾರಾದರೂ ಕಾಯುತ್ತಿದ್ದರೆ ಹತ್ತಿರದ ದಾರಿ, ಕಾಯದಿದ್ದರೆ ಸುತ್ತುದಾರಿ ಎಂಬ ಹಳೆಯ ಸಲಹೆಯನ್ನು ಬಿಸ್ಕತ್ತಿಲ್ಲದೆ ಇನ್ನೊಮ್ಮೆ ಪರಿಶೀಲಿಸುವುದು. ಪರೀಕ್ಷಾ ಯಂತ್ರದಲ್ಲಿ ನಡೆಸಿ ನೋಡಲಾಗಿದ್ದು, ಬಾಡಿಗೆ ಇಳಿಯುತ್ತದೆ. ಬೆಡ್‌ಶೀಟುಗಳು ಹಾಸಿಗೆಗೆ ಮರಳುತ್ತವೆ.

ಆ) ಇದಕ್ಕೆ ಸಮಿತಿ, ಉಪಸಮಿತಿ, ಅಧ್ಯಯನ ಪ್ರವಾಸ ಎಲ್ಲ ಆಗಬೇಕಾಗುತ್ತದೆ ಎಂದು ಅರ್ಜಿದಾರಳು ಬಲ್ಲಳು. ಆಗಲಿ. ಅಲ್ಲಿಯವರೆಗೆ ಸಂಜೆ ಹೊತ್ತು ಮಾತ್ರ ಮೀನುಗಳನ್ನು ಸುತ್ತುದಾರಿಗೆ ಕಳಿಸಿ, ಆ ಜಾಗದಲ್ಲಿ ಒಂದು ‘ಹೂಂ’ ಹೋಗಲು ಬಿಡುವುದು. ಮೀನು ಸ್ವಲ್ಪ ತಡವಾಗಿ ತಿರುಗಿದರೆ ಮೀನಿಗೂ ತಿಳಿಯುವುದಿಲ್ಲ, ಕೇಂದ್ರ ಕಚೇರಿಯ ಗೋಡೆಗೂ ತಿಳಿಯುವುದಿಲ್ಲ. ರೂಟರಿನಲ್ಲಿ ಬದಲಿಸಬೇಕಾದ್ದು ಒಂದೇ ಸಾಲು. ಅರ್ಜಿದಾರಳ ಬೆರಳು ಅದರ ಮೇಲೇ ಇದೆ; ಪಾಸ್‌ವರ್ಡ್ ಮಾತ್ರ ತಮ್ಮ ಬಳಿ ಇದೆ.

ಇ) ಅದೂ ಆಗದಿದ್ದಲ್ಲಿ, ಅಜ್ಜಿ ಚೆನ್ನಾಗಿರುವ ಒಂದೇ ಒಂದು ಸಂಜೆಗಾದರೂ. ಅಂಥ ಸಂಜೆ ಯಾವಾಗ ಬರುತ್ತದೆ ಎಂದು ಮೊದಲೇ ತಿಳಿಸಲು ಸಾಧ್ಯವಿಲ್ಲದ್ದಕ್ಕೆ ವಿಷಾದವಿದೆ.

ಬಾಗಿಲು ತೆಗೆದದ್ದು ಯಾರು ಎಂದು ತಿಳಿದ ಕೂಡಲೇ, ಮತ್ತು ಗಂಟಿನಲ್ಲಿದ್ದದ್ದು ಸಂಸ್ಥೆಗೆ ಉಪಯೋಗವಾಗುವ ವಸ್ತುವಾಗಿದ್ದಲ್ಲಿ, ತಮಗೆ ಲಿಖಿತವಾಗಿ ವರದಿ ಸಲ್ಲಿಸಲಾಗುವುದು.

ಇಂತಿ,
ಎಚ್ಚರವಾಗಿಯೇ ಇರುವ,
ತಮ್ಮ ವಿಶ್ವಾಸ ಕೋರುವ
ಅರ್ಜಿದಾರಳು

ಲಗತ್ತುಗಳು:
1. ‘ಹೂಂ’, ರೆಕಾರ್ಡ್ ಮಾಡಿದ್ದು, ಒಂದು (ಬಳಸಿದ್ದು, ಅಜ್ಜಿಯಿಂದ ತಿರಸ್ಕೃತ).
2. ಬೆಡ್‌ಶೀಟ್, ಹೂವಿನದು, ಒಂದು. ಅರ್ಜಿಗೆ ದಪ್ಪ ಬರಲೆಂದು ಮಡಿಸಿ ಹೊಲಿಯಲಾಗಿದೆ. ಪರಿಶೀಲನೆಯ ನಂತರ ಹಿಂತಿರುಗಿಸಬೇಕು, ಮನೆಯಲ್ಲಿ ಬೇರೆ ಇಲ್ಲ.
3. ಗಂಟು ಹೊತ್ತ ಹುಡುಗಿಯ ಕತೆ, ಮುರಿದ ಹಲ್ಲಿನ ಸಿಂಹ ಇದ್ದ ಕಾಲದ್ದು, ಅರ್ಜಿದಾರಳು ನೆನಪಿನಿಂದ ಬರೆದದ್ದು. ಕೊನೆಯ ಪುಟ ಖಾಲಿ ಬಿಡಲಾಗಿದೆ.

ವಿಶೇಷ ಸೂಚನೆ: ಈ ಅರ್ಜಿಯನ್ನು ಯಾವ ದಾರಿಗೂ ಹಾಕದೆ ಅರ್ಜಿದಾರಳು ಖುದ್ದಾಗಿ ಹೊತ್ತು ತಂದಿದ್ದಾಳೆ. ಬಾಗಿಲ ಕೆಳಗೆ ನುಸುಳಿಸಿದರೆ ಕಾಗದಗಳಷ್ಟೇ ಒಳಗೆ ಬರುತ್ತವೆ, ಹೊಲಿದ ಬೆಡ್‌ಶೀಟಿನ ಗಂಟು ಹೊರಗೇ ಉಳಿಯುತ್ತದೆ. ಅವಳು ತಮ್ಮ ಕೋಣೆಯ ಬಾಗಿಲನ್ನು ಎರಡು ಸಲ ತಟ್ಟಿ, ಮೀನುಗಳ ಪಕ್ಕದಲ್ಲಿ ನಿಂತಿದ್ದಾಳೆ. ಇಲ್ಲಿಯವರೆಗೆ ಓದಿದ್ದೇ ನಿಜವಾದರೆ, ಬಾಗಿಲು ತೆರೆಯಲು ತಮಗೆ ಪುರುಸೊತ್ತಿಲ್ಲದಿದ್ದರೂ ಅಡ್ಡಿಯಿಲ್ಲ, ಒಳಗಿನಿಂದ ಒಮ್ಮೆ ‘ಹೂಂ’ ಅನ್ನಬೇಕಾಗಿ ವಿನಂತಿ. ಮೂರನೆಯ ಸಲ ತಟ್ಟಲು ಅವಳಿಗೆ ಅಷ್ಟು ಸಾಕು.